ಏಳನೆಯ ಬೋಲ್ಟ್

ನರ್ಸಮ್ಮನ ಎರಡನೆಯ ಮದುವೆಯಾಗಿ ಐದು ವಾರ ಕಳೆದಿತ್ತು. ಕಾರಿನಿಂದ ಸುಟ್ಟ ವಾಸನೆ ಬರತೊಡಗಿದ್ದು ಆಗಲೇ.

ಅದನ್ನು ಮೊದಲು ಹೇಳಿದವರು ಒಬ್ಬ ರೋಗಿ. ನರ್ಸಮ್ಮ ಮನೆಮನೆಗೆ ಹೋಗಿ ಗಾಯಗಳಿಗೆ ಡ್ರೆಸ್ಸಿಂಗ್ ಮಾಡುವವಳು. ದಿನಕ್ಕೆ ಎಂಟೊಂಬತ್ತು ಮನೆ. ಕಾರಿನ ಹಿಂದಿನ ಸೀಟಿನ ತುಂಬ ಹತ್ತಿ, ಬ್ಯಾಂಡೇಜು, ಔಷಧದ ಡಬ್ಬಿಗಳು. ಸೊಂಟ ಮುರಿದುಕೊಂಡು ಮಲಗಿದ್ದ ಮುದುಕರೊಬ್ಬರು ಅವಳು ಒಳಗೆ ಕಾಲಿಟ್ಟೊಡನೆ ಮೂಗರಳಿಸಿ, "ಏನಮ್ಮ, ಒಲೆ ಮೇಲೆ ಏನಾದ್ರೂ ಇಟ್ಟು ಮರೆತು ಬಂದ್ಯಾ?" ಎಂದರು. ಅವಳು ತನ್ನ ತೋಳನ್ನೇ ಮೂಸಿ ನೋಡಿಕೊಂಡಳು. ನಿಜ, ಬಾಣಲೆ ಹೊತ್ತಿದ ಹಾಗೆ ವಾಸನೆ.

ಸಂಜೆ ಮನೆಯ ಮುಂದೆ ಕಾರು ನಿಲ್ಲಿಸಿ ಬಗ್ಗಿ ನೋಡಿದರೆ ಕಲ್ಲುಹಾಸಿನ ಮೇಲೆ ಕಪ್ಪಗೆ ನಾಲ್ಕು ಹನಿ.

ಆ ಮನೆಯಲ್ಲಿ ನಾಲ್ಕು ಜನ. ಅಜ್ಜಿ ಎಂದರೆ ನರ್ಸಮ್ಮನ ತಾಯಿಯಲ್ಲ, ತೀರಿಹೋದ ಮೊದಲ ಗಂಡನ ತಾಯಿ. ಮಗ ಹೋಗಿ ನಾಲ್ಕು ವರ್ಷವಾಗಿದ್ದರೂ ಸೊಸೆಯ ಜೊತೆಗೇ ಉಳಿದವಳು. ಸೊಸೆ ಮತ್ತೆ ಮದುವೆಯಾದದ್ದಕ್ಕೆ ಒಂದು ರೀತಿಯಲ್ಲಿ ಅವಳೇ ಕಾರಣ. ಅಜ್ಜಿಗೆ ಹಲ್ಲಿನ ಸೆಟ್ಟು ಮಾಡಿಸಲು ಸೊಸೆ ಅವಳನ್ನು ಆರು ಸಲ ಕರೆದುಕೊಂಡು ಹೋಗಿದ್ದಳು. ಸೆಟ್ಟು ಮಾಡುತ್ತಿದ್ದವರು ಐವತ್ತೆರಡು ವರ್ಷದ, ಮದುವೆಯಾಗದ, ಮೆಲ್ಲಗೆ ಮಾತಾಡುವ ಮನುಷ್ಯ. ಆರನೆಯ ಸಲದ ಹೊತ್ತಿಗೆ ಸೆಟ್ಟು ಸರಿಯಾಗಿ ಕೂತಿತ್ತು. ಆದರೂ ಏಳನೆಯ ಸಲ, ಎಂಟನೆಯ ಸಲ ಹೋಗುವುದು ನಿಲ್ಲಲಿಲ್ಲ. ಅಜ್ಜಿಯೇ ಒಂದು ದಿನ, "ನನ್ನ ಬಾಯಿ ನೆಪ ಮಾಡ್ಕೊಂಡು ಎಷ್ಟು ದಿನ ಓಡಾಡ್ತೀರಿ, ಮದುವೆ ಆಗಿಬಿಡಿ," ಎಂದಳು. ಈಗಲೂ ಅವಳು ಅವರನ್ನು ಕರೆಯುವುದು ಹಲ್ಲಿನವರು ಎಂದೇ.

ನಾಲ್ಕನೆಯವಳು ಮಗಳು. ಇಪ್ಪತ್ತೆರಡು ವರ್ಷ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸ. ಹಲ್ಲಿನವರು ಎರಡು ಸೂಟ್‌ಕೇಸು ಹಿಡಿದು ಮನೆಗೆ ಬಂದ ದಿನದಿಂದ ಅವಳು ಅವರೊಂದಿಗೆ ನೇರವಾಗಿ ಒಂದು ಮಾತೂ ಆಡಿರಲಿಲ್ಲ. ಜಗಳವೂ ಆಡಿರಲಿಲ್ಲ.

"ಅಮ್ಮ, ಉಪ್ಪು ಈ ಕಡೆ ಕೊಡೋಕೆ ಹೇಳು," ಎನ್ನುತ್ತಿದ್ದಳು. ಉಪ್ಪಿನ ಡಬ್ಬಿ ಹಲ್ಲಿನವರ ಕೈ ಹತ್ತಿರವೇ ಇರುತ್ತಿತ್ತು. ಅವರು ಸರಿಸುತ್ತಿದ್ದರು.

ಅವರು ಬಡಿಸಲು ಬಂದರೆ, "ಸಾಕು ಅಂತ ಹೇಳು."

"ನಾನೇನು ಟೆಲಿಫೋನ್ ಆಫೀಸಾ?" ಎಂದು ನರ್ಸಮ್ಮ ಗೊಣಗುತ್ತಿದ್ದಳು.

ಮರುದಿನ ಗ್ಯಾರೇಜಿನವನು ಬಾನೆಟ್ ಎತ್ತಿ ಒಂದೇ ನಿಮಿಷದಲ್ಲಿ ಹೇಳಿದ: "ಟ್ಯಾಪೆಟ್ ಕವರಿನ ಪ್ಯಾಕಿಂಗ್ ಹೋಗಿದೆ." ಎಂಜಿನ್ನಿನ ತಲೆಯ ಮೇಲೆ ಮುಚ್ಚಳದ ಹಾಗೆ ಕೂತ ಲೋಹದ ಕವರು, ಅದರಡಿ ಸುತ್ತಲೂ ರಬ್ಬರು. ರಬ್ಬರು ಗಟ್ಟಿಯಾಗಿ ಬಿರುಕು ಬಿಟ್ಟು ಎಣ್ಣೆ ಜಿನುಗುತ್ತಿದೆ, ಜಿನುಗಿದ್ದು ಬಿಸಿ ಹೊಗೆಕೊಳವೆಯ ಮೇಲೆ ಬಿದ್ದು ಸುಡುತ್ತಿದೆ. "ಕೆಲಸ ಚಿಕ್ಕದು. ಆದ್ರೆ ನಮ್ಮಲ್ಲಿ ಗಾಡಿಗಳ ಸಾಲೇ ಇದೆ. ಬಿಟ್ಟು ಹೋಗಿ, ಹತ್ತು ದಿನದಲ್ಲಿ ಆಗತ್ತೆ."

ಹತ್ತು ದಿನ ಕಾರಿಲ್ಲದೆ ಇರುವ ಹಾಗಿರಲಿಲ್ಲ. ಅವಳು ಕಾರನ್ನು ಹಾಗೆಯೇ ತಂದಳು.

ರಾತ್ರಿ ಊಟಕ್ಕೆ ಕೂತಾಗ ಹಲ್ಲಿನವರು ಬ್ರೆಡ್ಡು ಮುರಿಯುತ್ತ, "ಮುಂದಿನ ಭಾನುವಾರ ನಾನೇ ಹಾಕಿ ನೋಡಲಾ? ಪ್ಯಾಕಿಂಗ್ ಅಂಗಡೀಲಿ ಸಿಗತ್ತಂತೆ," ಎಂದರು.

"ಎಂಜಿನ್ ಬಿಚ್ಚಿದ್ದೀರಾ ಯಾವತ್ತಾದ್ರೂ?" ಎಂದಳು ನರ್ಸಮ್ಮ.

"ಇಲ್ಲ. ಆದ್ರೆ ಬಿಚ್ಚಿದ್ದನ್ನ ಅದೇ ಕ್ರಮದಲ್ಲಿ ಜೋಡಿಸೋದೇ ನನ್ನ ದಿನಾ ಕೆಲಸ."

ಮಗಳು ತಟ್ಟೆಯಿಂದ ತಲೆಯೆತ್ತದೆ ಹೇಳಿದಳು: "ಅಮ್ಮ, ಅಪ್ಪನ ಕಾರಿಗೆ ಬೇರೆಯವರು ಕೈ ಹಾಕೋದು ಬೇಡ ಅಂತ ಹೇಳು. ನಾನು ಮಾಡ್ತೀನಿ."

"ಮಾಡ್ತಾಳೆ ಬಿಡು," ಎಂದಳು ಅಜ್ಜಿ. "ಅವಳಪ್ಪನ ಜೊತೆ ನಿಂತು ಮಾಡಿದ್ದಾಳಲ್ಲ. ನನ್ನ ಮಗ ಕೂರಿಸಿದ ಮುಚ್ಚಳ ಅದು. ಏಳು ವರ್ಷ ಒಂದು ತೊಟ್ಟು ಆಚೆ ಬಂದಿರ್ಲಿಲ್ಲ."

ಮಗಳು ನೀರು ಕುಡಿದು ಎದ್ದು ಹೋದಳು.

ಅವಳ ಅಂಗಡಿಗೆ ಸೋಮವಾರ ರಜೆ. ಮೊದಲ ಸೋಮವಾರ ಬೀರು ಒಪ್ಪ ಮಾಡಬೇಕು ಎಂದಳು. ಎರಡನೆಯ ಸೋಮವಾರ ತಲೆನೋವು ಎಂದು ಮಲಗಿದಳು. ಅಷ್ಟರಲ್ಲಿ ನಾಲ್ಕು ಹನಿ ಒಂದು ತಟ್ಟೆಯಗಲದ ಕಲೆಯಾಗಿತ್ತು. ನರ್ಸಮ್ಮ ಹಳೆಯ ಟ್ರೇ ಒಂದನ್ನು ಕಾರಿನಡಿ ಇಟ್ಟಳು. ಬೆಳಿಗ್ಗೆ ಅವಸರದಲ್ಲಿ ಅದನ್ನು ತೆಗೆಯಲು ಮರೆತು, ಅದರ ಮೇಲೇ ಚಕ್ರ ಹಾಯಿಸಿದಳು. ಆ ದಿನ ಸಂಜೆ ಅವಳ ತಾಳ್ಮೆ ತೀರಿತು.

"ನೀನೂ ಮಾಡಲ್ಲ, ಮಾಡೋರಿಗೂ ಬಿಡಲ್ಲ. ದಿನಾ ಕಿಟಕಿ ತೆಗೆದುಕೊಂಡು ಓಡಿಸ್ತಾ ಇದ್ದೀನಿ, ಗಂಟಲು ಕೆರೀತಾ ಇದೆ. ಹೀಗೇ ಆದ್ರೆ ಮಾರಿಬಿಡ್ತೀನಿ ನೋಡು."

"ಮಾರು. ಅಪ್ಪಂದು ಅಂತ ಇರೋದು ಅದೊಂದೇ."

"ಅದು ನನ್ನ ಕೆಲಸದ ಕಾರು ಕಣೆ. ಗೋಡೆಗೆ ತೂಗುಹಾಕಿದ ಫೋಟೋ ಅಲ್ಲ."

ಅಜ್ಜಿ ಇಬ್ಬರ ನಡುವೆ ಆಲೂಗಡ್ಡೆಯ ಪಾತ್ರೆ ತಂದು ಕುಕ್ಕಿದಳು. "ಬಿಸಿಬಿಸಿ ಇರೋವಾಗ ತಿನ್ನಿ. ಆಮೇಲೆ ಕಿತ್ತಾಡಿ."

ಮುಂದಿನ ಭಾನುವಾರ ಮಗಳು ಅಂಗಡಿಗೆ ಹೋದ ಮೇಲೆ ನರ್ಸಮ್ಮ ಹೊಸ ಪ್ಯಾಕಿಂಗಿನ ಪೊಟ್ಟಣವನ್ನು ಗಂಡನ ಮುಂದೆ ಇಟ್ಟಳು. "ಶುರು ಮಾಡಿ. ಬೈಸಿಕೊಳ್ಳೋದು ನಾನು."

ಹಲ್ಲಿನವರು ಕೆಲಸ ಹೂಡಿದ ರೀತಿಯೇ ಬೇರೆ. ಮೊದಲು ಎಂಜಿನ್ನು ಪೂರ್ತಿ ತಣ್ಣಗಾಗಿದೆಯೇ ಎಂದು ಅಂಗೈಯಿಟ್ಟು ನೋಡಿದರು. ಪ್ಲಗ್ ವೈರುಗಳಿಗೆ ಒಂದೊಂದಕ್ಕೂ ಕಾಗದದ ಟೇಪು ಸುತ್ತಿ ಒಂದು, ಎರಡು, ಮೂರು, ನಾಲ್ಕು ಎಂದು ಬರೆದು ಆಮೇಲೆ ಕಿತ್ತರು. ಕವರಿನ ಬೋಲ್ಟುಗಳು ಎಂಟು. ಅವನ್ನು ಹಾಕಿಡಲು ತಮ್ಮ ಕೆಲಸದ ಕೋಣೆಯಿಂದ ಎಂಟು ಗೂಡಿನ ಡಬ್ಬಿ ತಂದಿದ್ದರು. ಅದರಲ್ಲಿ ಮೊದಲು ಅಳತೆಯ ಪ್ರಕಾರ ವಿಂಗಡಿಸಿದ ಹಲ್ಲುಗಳಿದ್ದವು. ಅಜ್ಜಿ ಕುರ್ಚಿ ಹಾಕಿಕೊಂಡು ಪಕ್ಕದಲ್ಲಿ ಕೂತಳು.

"ನನ್ನ ಮಗ ಇಷ್ಟೆಲ್ಲ ನಂಬರು ಬರೀತಿರ್ಲಿಲ್ಲ. ಬಿಚ್ಚಿ ಬಕೆಟ್ಟಿಗೆ ಹಾಕ್ತಿದ್ದ. ಎಲ್ಲಾ ತಲೇಲೇ ಇರ್ತಿತ್ತು ಅವನಿಗೆ."

"ನನ್ನ ತಲೇಲಿ ನಿಲ್ಲಲ್ಲಮ್ಮ. ಅದಕ್ಕೇ ಬರಕೊಳ್ತೀನಿ."

ಆರು ಬೋಲ್ಟುಗಳು ಸರಿಯಾಗಿ ಬಿಗಿ ಸಡಿಲಗೊಂಡು ಬಂದವು. ಏಳನೆಯದಕ್ಕೆ ಸ್ಪ್ಯಾನರ್ ಇಟ್ಟರೆ ಅದು ತಿರುಗಿದ್ದೇ ತಿಳಿಯಲಿಲ್ಲ. ಬೆರಳಲ್ಲಿ ಹಿಡಿದೆತ್ತಿದರೆ ಹಾಗೇ ಮೇಲೆ ಬಂತು. ಬೋಲ್ಟಿನ ಸುತ್ತ ನಲ್ಲಿಗೆ ಸುತ್ತುವ ಬಿಳಿ ಟೇಪು, ಅದರ ಮೇಲೆ ಒಣಗಿದ ಗೋಂದು. ತೂತಿನೊಳಗೆ ಟಾರ್ಚು ಬಿಟ್ಟು ನೋಡಿದರು. ಬೋಲ್ಟು ಕಚ್ಚಿಕೊಳ್ಳುವ ಥ್ರೆಡ್ ಪೂರ್ತಿ ಸವೆದು ನುಣ್ಣಗಾಗಿತ್ತು. ಯಾರೋ ಅತಿಯಾಗಿ ಬಿಗಿದು ಕೆಡಿಸಿ, ಟೇಪು ಸುತ್ತಿ ಅಂಟಿಸಿ ಮುಚ್ಚಿಟ್ಟಿದ್ದರು. ಎಣ್ಣೆ ಮೊದಲು ಜಿನುಗಿದ್ದೂ ಆ ಮೂಲೆಯಲ್ಲೇ. ನರ್ಸಮ್ಮನ ಮೊದಲ ಗಂಡನ ಕಸುಬು ನೀರಿನ ಪೈಪು ಜೋಡಿಸುವುದಾಗಿತ್ತು.

"ಏನಾಯ್ತು? ಯಾಕೆ ಸುಮ್ಮನೆ ನಿಂತ್ರಿ?" ಎಂದಳು ಅಜ್ಜಿ.

ಹಲ್ಲಿನವರು ಬೋಲ್ಟನ್ನು ಅಂಗೈಯಲ್ಲಿ ಮುಚ್ಚಿಕೊಂಡರು. "ಒಂದು ಬೋಲ್ಟು ಕೆಟ್ಟಿತಮ್ಮ. ಥ್ರೆಡ್ ಹೋಯ್ತು. ನಾನು... ಸ್ವಲ್ಪ ಜೋರಾಗಿ ತಿರುಗಿಸಿಬಿಟ್ಟೆ ಅನಿಸತ್ತೆ."

ಅಜ್ಜಿಯ ಮುಖ ಸಪ್ಪಗಾಯಿತು. "ಏಳು ವರ್ಷ ಗಟ್ಟಿಯಾಗಿದ್ದದ್ದು," ಎಂದಳು. ಕುರ್ಚಿಯನ್ನು ತಾನೇ ಎತ್ತಿಕೊಂಡು ಒಳಗೆ ಹೋದಳು.

ಬೋಲ್ಟು ನಿಲ್ಲದೆ ಕವರು ಕೂರುವ ಹಾಗಿರಲಿಲ್ಲ. ಥ್ರೆಡ್ ಹೊಸದಾಗಿ ಕೊರೆದುಕೊಡುವ ಲೇತ್ ಅಂಗಡಿಯವನಿಗೆ ಫೋನು ಮಾಡಿದರೆ ಅವನು ಬರುವುದು ಮುಂದಿನ ಭಾನುವಾರ ಎಂದ. ಹಲ್ಲಿನವರು ಕವರನ್ನು ಸುಮ್ಮನೆ ಮೇಲಿಟ್ಟು, ಧೂಳು ಬೀಳದಂತೆ ಶುಭ್ರವಾದ ಬಟ್ಟೆ ಹೊದಿಸಿ, ಬಾನೆಟ್ ಮುಚ್ಚಿದರು.

ಸಂಜೆ ಮಗಳು ಚಪ್ಪಲಿ ಬಿಡುವಷ್ಟರಲ್ಲೇ ಅಜ್ಜಿ ಸುದ್ದಿ ಹೇಳಿ ಮುಗಿಸಿದ್ದಳು. "ನಿಮ್ಮಪ್ಪ ಹಾಕಿದ ಬೋಲ್ಟು ಕೆಡಿಸಿಬಿಟ್ರಂತೆ. ಅವರೇ ಒಪ್ಕೊಂಡ್ರು."

"ಯಾವ ಬೋಲ್ಟು?"

"ಅದೇನೋ ಏಳನೇದಂತೆ."

ಮಗಳು ಕೂಗಾಡುತ್ತಾಳೆಂದು ನರ್ಸಮ್ಮ ಅಡುಗೆಮನೆಯ ಬಾಗಿಲಲ್ಲಿ ಸಿದ್ಧಳಾಗಿ ನಿಂತಿದ್ದಳು. ಮಗಳು ಕೂಗಾಡಲಿಲ್ಲ. ಕೈಕಾಲು ತೊಳೆದು ಬಂದು, ಯಾರೂ ಹೇಳದೆಯೇ ಬೆಳಿಗ್ಗೆಯಿಂದ ಬಿದ್ದಿದ್ದ ಪಾತ್ರೆಗಳನ್ನೆಲ್ಲ ತಿಕ್ಕಿದಳು.

ಆ ರಾತ್ರಿಯಿಂದ ಅಜ್ಜಿ ಹಲ್ಲಿನ ಸೆಟ್ಟು ಹಾಕುವುದನ್ನು ನಿಲ್ಲಿಸಿದಳು. ಕೇಳಿದ್ದಕ್ಕೆ, "ಚುಚ್ಚತ್ತೆ," ಎಂದಳು.

"ಎಲ್ಲಿ ಚುಚ್ಚತ್ತೆ ತೋರಿಸಿ, ಸರಿ ಮಾಡಿಕೊಡ್ತೀನಿ," ಎಂದರು ಹಲ್ಲಿನವರು.

"ಏನೂ ಬೇಡ. ನೀವು ಸರಿ ಮಾಡೋಕೆ ಹೋದ್ರೆ ಇನ್ನೇನು ಆಗತ್ತೋ."

ಅವಳಿಗಾಗಿ ಅನ್ನವನ್ನು ಮೆತ್ತಗೆ ಬೇಯಿಸಿ ಬೇಳೆಯಲ್ಲಿ ಕಲಸಿ ಕೊಡಬೇಕಾಯಿತು. ಕಾರಿಲ್ಲದ ನರ್ಸಮ್ಮ ಎರಡು ಭುಜಕ್ಕೆ ಎರಡು ಚೀಲ ಹಾಕಿಕೊಂಡು ಬಸ್ಸು ಹತ್ತಿದಳು. ಒಂಬತ್ತು ಮನೆಯಲ್ಲಿ ಆರಕ್ಕಷ್ಟೇ ಹೋಗಲು ಸಾಧ್ಯವಾಗಿ, ಸಂಜೆ ಬಂದವಳು ಬಿಸಿನೀರಿನ ಬಕೆಟ್ಟಿನಲ್ಲಿ ಪಾದ ಇಳಿಬಿಟ್ಟು ಕೂತಳು.

ಸೋಮವಾರ ಮಗಳಿಗೆ ರಜೆ. ಅಮ್ಮನೂ ಹಲ್ಲಿನವರೂ ಕೆಲಸಕ್ಕೆ ಹೋದ ಮೇಲೆ ಬಾನೆಟ್ ಎತ್ತಿದಳು. ಡಬ್ಬಿ ಎಂಜಿನ್ನಿನ ಪಕ್ಕದಲ್ಲೇ ಇತ್ತು. ಪ್ರತಿ ಗೂಡಿಗೂ ನಂಬರು, ಮುತ್ತು ಪೋಣಿಸಿದಂಥ ಅಕ್ಷರ. ಏಳನೆಯ ಗೂಡಿನಲ್ಲಿ ಬಿಳಿ ಟೇಪು ಸುತ್ತಿದ ಬೋಲ್ಟು. ಅದನ್ನು ಜೇಬಿಗೆ ಹಾಕಿಕೊಂಡು ಒಳಗೆ ಬಂದಳು.

"ಏನು ಹುಡುಕ್ತಿದ್ದೆ?" ಎಂದಳು ಅಜ್ಜಿ ಒಸಡಿನಲ್ಲಿ.

"ಏನಿಲ್ಲ."

ಮಂಗಳವಾರವೂ ಏನಿಲ್ಲ. ಬುಧವಾರ ರಾತ್ರಿ ಮೊಟ್ಟೆ ಬೇಯಿಸಿದ್ದರು. ಅಜ್ಜಿ ತನ್ನ ಪಾಲಿನ ಮೊಟ್ಟೆಯನ್ನು ಚಮಚದ ಹಿಂಬದಿಯಿಂದ ಹಿಸುಕುತ್ತ, "ಗಟ್ಟಿ ಕೈಯವನು ನನ್ನ ಮಗ. ಅವನು ಬಿಗಿದದ್ದು ಅಲ್ಲಾಡ್ತಿರ್ಲಿಲ್ಲ," ಎಂದಳು. ಮೂರು ದಿನದಲ್ಲಿ ಹತ್ತನೆಯ ಸಲ ಹೇಳಿದ್ದು. ಹಲ್ಲಿನವರು ಎಂದಿನಂತೆ ತಲೆಯಾಡಿಸಿದರು.

ಮಗಳು ಜೇಬಿನಿಂದ ಬೋಲ್ಟು ತೆಗೆದು ಮೇಜಿನ ಮೇಲೆ ಇಟ್ಟಳು.

"ಇದನ್ನ ಕೆಡಿಸಿದ್ದು ಅವರಲ್ಲ ಅಜ್ಜಿ. ಅಪ್ಪನೂ ಅಲ್ಲ. ನಾನು."

ಅಜ್ಜಿಯ ಚಮಚ ಮೊಟ್ಟೆಯ ಮೇಲೇ ನಿಂತಿತು.

"ಆಗ ನಂಗೆ ಹದಿನೈದು. ಕೊನೇ ಬೋಲ್ಟು ನಾನೇ ಬಿಗೀತೀನಿ ಅಂತ ಹಟ ಮಾಡ್ದೆ. ಅಪ್ಪ ಸಾಕು ಸಾಕು ಅಂತಿದ್ರು, ನಾನು ಇನ್ನೂ ಒಂದು ಸುತ್ತು ತಿರುಗಿಸ್ದೆ. ಒಳಗೆ ಏನೋ ಬೆಣ್ಣೆ ಥರ ಜಾರಿತು. ಅತ್ತುಬಿಟ್ಟೆ. ಅಪ್ಪ ನಕ್ಕು ಟೇಪು ಸುತ್ತಿ, ಗೋಂದು ಹಾಕಿ, ಅಜ್ಜಿಗೆ ಹೇಳ್ಬೇಡ, ಮನೇಲಿ ಯಾರಿಗೂ ಹೇಳ್ಬೇಡ ಅಂದ್ರು."

"ಅದಕ್ಕೇ ನೀನು ಬಿಚ್ಚೋಕೆ ಹಿಂದೆಮುಂದೆ ನೋಡ್ತಿದ್ದದ್ದು," ಎಂದಳು ನರ್ಸಮ್ಮ.

"ಹೂಂ."

ನರ್ಸಮ್ಮ ಗಂಡನ ಕಡೆ ತಿರುಗಿದಳು. "ಮತ್ತೆ ನೀವ್ಯಾಕ್ರೀ ನಾನು ಮಾಡಿದ್ದು ಅಂದ್ರಿ?"

ಹಲ್ಲಿನವರು ಮೊಟ್ಟೆಯ ಸಿಪ್ಪೆಯ ಚೂರುಗಳನ್ನು ತಟ್ಟೆಯ ಅಂಚಿಗೆ ಒಟ್ಟು ಮಾಡಿದರು. "ಅಮ್ಮ ಪಕ್ಕದಲ್ಲೇ ಕೂತಿದ್ರು. ಮಗನ ಕೆಲಸಾನ ಅಷ್ಟು ಹೊಗಳ್ತಾ ಇದ್ರು. ಅವರ ಎದುರಿಗೆ ಅದನ್ನ ಹೇಗೆ ತೋರಿಸೋದು?"

ಮಗಳು ಅವರನ್ನು ನೋಡಿದಳು. ಎಂಟು ವಾರದಲ್ಲಿ ಮೊದಲ ಸಲ ಅವರ ಮುಖ ನೋಡಿ ಮಾತಾಡಿದಳು. "ಹಾಗೆಲ್ಲ ಹೇಳ್ಬಾರ್ದಿತ್ತು ನೀವು."

"ಸರಿ," ಎಂದರು ಅವರು.

ಅಜ್ಜಿ ಬೋಲ್ಟನ್ನು ಎತ್ತಿಕೊಂಡು ಕನ್ನಡಕದ ಹತ್ತಿರ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಟೇಪಿನ ಸುತ್ತನ್ನು ಹೆಬ್ಬೆರಳಿನಿಂದ ಸವರಿದಳು. ಅದನ್ನು ಕೆಳಗಿಟ್ಟು ಮೊಮ್ಮಗಳಿಗೆ ಹೇಳಿದಳು:

"ಹಾಗಾದ್ರೆ ನಾನು ಮೂರು ದಿನ ಹಲ್ಲಿಲ್ಲದೆ ಗಂಜಿ ಕುಡಿದದ್ದು ಸುಮ್ಮನೆ ಅನ್ನು."

"ಸುಮ್ಮನೇ ಅಜ್ಜಿ."

"ಹೋಗು, ಸೆಟ್ಟು ಇಟ್ಟಿರೋ ಆ ಲೋಟ ತಗೊಂಡು ಬಾ. ಇನ್ನೊಂದು ಮೊಟ್ಟೆ ಇದ್ಯಾ?"

ಭಾನುವಾರ ಮಗಳು ಅಂಗಡಿಗೆ ರಜೆ ಹೇಳಿದಳು. ಲೇತಿನವನು ಚೀಲ ನೇತುಹಾಕಿಕೊಂಡು ಬಂದ. ಡ್ರಿಲ್ಲಿನ ತುದಿಗೆ ಗ್ರೀಸು ಮೆತ್ತಿ, ಲೋಹದ ಪುಡಿ ಎಂಜಿನ್ನಿನೊಳಗೆ ಬೀಳದಂತೆ ಅದರಲ್ಲೇ ಅಂಟಿಸಿ ತೆಗೆಯುತ್ತ ತೂತನ್ನು ಕೊಂಚ ದೊಡ್ಡದು ಮಾಡಿದ. ಆಮೇಲೆ ಸ್ಪ್ರಿಂಗಿನಂಥ ಒಂದು ಸುರುಳಿಯನ್ನು ಒಳಗೆ ಕೂರಿಸಿದ. ಅದೇ ಹೊಸ ಥ್ರೆಡ್ಡು. ಹೋಗುವಾಗ ಹಳೆಯ ಬೋಲ್ಟು ನೋಡಿ ನಕ್ಕ.

"ಇದ್ಯಾರ ಕೆಲಸ ರೀ? ನಲ್ಲಿ ರಿಪೇರಿ ಮಾಡಿದ ಹಾಗಿದೆ."

"ನನ್ನ ಮಗಂದು," ಎಂದಳು ಅಜ್ಜಿ ಕುರ್ಚಿಯಿಂದ. "ಏಳು ವರ್ಷ ತಡೀತು."

"ತಡೀತಲ್ಲ, ಅದೇ ಆಶ್ಚರ್ಯ," ಎಂದ ಲೇತಿನವನು. ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡ ಅಜ್ಜಿ ಅವನಿಗೆ ಒಂದು ಲೋಟ ಚಹ ಜಾಸ್ತಿ ಕೊಡಿಸಿದಳು.

ಹಳೆಯ ರಬ್ಬರು ಪ್ಲಾಸ್ಟಿಕ್ಕಿನಂತೆ ಚೂರುಚೂರಾಗಿ ಬಂತು. ಅದರ ಸುತ್ತ ಮೂರು ಬಣ್ಣದ ಗೋಂದು ಮೆತ್ತಿತ್ತು. ಹಲ್ಲಿನವರು ಮೇಣ ಕೆತ್ತುವ ತಮ್ಮ ಮರದ ಚೂರಿಯಿಂದ ಎಂಜಿನ್ನಿನ ಅಂಚನ್ನು ಗೀರಾಗದಂತೆ ಕೆರೆದರು. ಮಗಳು ಕನ್ನಡಕ ಒರೆಸುವ ಬಟ್ಟೆಯಿಂದ ಹಿಂದೆಯೇ ಒರೆಸುತ್ತ ಬಂದಳು. ಎಣ್ಣೆಯಂಶ ಒಂದಿಷ್ಟೂ ಉಳಿಯದಂತಾಗುವ ತನಕ ಇಬ್ಬರೂ ಬಿಡಲಿಲ್ಲ. ನಡುವೆ ನರ್ಸಮ್ಮ ಬಂದು ನೋಡಿ, "ಆಪರೇಷನ್ ಥಿಯೇಟರಿನಲ್ಲೂ ಇಷ್ಟು ಒರೆಸಲ್ಲ," ಎಂದು ಒಳಗೆ ಹೋದಳು.

ಜಗಳ ಹುಟ್ಟಿದ್ದು ಗೋಂದಿನ ವಿಷಯಕ್ಕೆ. ಮಗಳು ಟ್ಯೂಬು ತೆಗೆದು ಸುತ್ತಲೂ ಹಚ್ಚಲು ಹೊರಟಳು.

"ಸುತ್ತಲೂ ಬೇಡ," ಎಂದರು ಹಲ್ಲಿನವರು. "ಈ ನಾಲ್ಕು ಮೂಲೇಲಿ ಮಾತ್ರ."

"ಅಪ್ಪ ಸುತ್ತಲೂ ಹಚ್ಚಿದ್ರು. ಹೆಚ್ಚಾದ್ರೆ ನಷ್ಟ ಇಲ್ಲ ಅಂತಿದ್ರು."

"ಪೈಪಿಗೆ ಸರಿ. ಇಲ್ಲಿ ಹೆಚ್ಚಾದದ್ದು ಒಳಗೆ ಹಿಂಡಿಕೊಳ್ಳತ್ತೆ. ಆಮೇಲೆ ಒಣಗಿ ಉದುರಿ ಎಣ್ಣೆ ಹೋಗೋ ದಾರಿ ಕಟ್ಟತ್ತೆ."

"ನಿಮಗೆ ಹೇಗೆ ಗೊತ್ತು? ಇದೇ ಮೊದಲು ಮಾಡ್ತಿರೋದು."

"ನಂಗೆ ಗೊತ್ತಿಲ್ಲ. ಪೊಟ್ಟಣದ ಮೇಲೆ ಬರೆದಿದೆ. ಓದು."

ಅವಳು ಓದಿದಳು. ಎರಡು ಸಲ ಓದಿದಳು. ನಾಲ್ಕು ಮೂಲೆಗೆ ಬಟಾಣಿಯಷ್ಟು ಹಚ್ಚಿ ಟ್ಯೂಬಿನ ಮುಚ್ಚಳ ಹಾಕಿದಳು. "ಓದಿದ್ದು ಸರಿಯಾಗಿಲ್ದೆ ಹೋದ್ರೆ ನಾನು ಮಾತ್ರ ಬಿಡಲ್ಲ," ಎಂದಳು.

"ಬಿಡ್ಬೇಡ."

ಹೊಸ ರಬ್ಬರನ್ನು ಕವರಿನ ಕಾಲುವೆಯಲ್ಲಿ ಒತ್ತಿ ಕೂರಿಸಿ, ಇಬ್ಬರೂ ಎರಡು ತುದಿ ಹಿಡಿದು ನೇರವಾಗಿ ಇಳಿಸಿದರು. ನಡುವಿನಿಂದ ಹೊರಗಿನ ಕಡೆಗೆ, ಎದುರುಬದುರಾಗಿ, ಒಂದೊಂದು ಬೋಲ್ಟನ್ನೂ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಮೂರು ಸುತ್ತು ಬಂದರು. ಮೂರನೆಯ ಸುತ್ತಿಗೆ ಏಳನೆಯ ಬೋಲ್ಟಿನ ಸರದಿ ಬಂದಾಗ ಸ್ಪ್ಯಾನರ್ ಮಗಳ ಕೈಯಲ್ಲಿತ್ತು. ಅವಳು ಅದನ್ನು ಅವರ ಕಡೆ ಚಾಚಿದಳು.

"ಇದನ್ನ ನೀವು ಮಾಡಿ."

"ನನ್ನ ಕೈ ಜಿಡ್ಡಾಗಿದೆ. ತೊಳಕೊಂಡು ಬರ್ತೀನಿ, ನೀನು ಮುಗಿಸಿರು," ಎಂದು ಹಲ್ಲಿನವರು ಹಿತ್ತಿಲ ನಲ್ಲಿಗೆ ಹೋದರು. ಅವರ ಕೈ ಅಷ್ಟೇನೂ ಜಿಡ್ಡಾಗಿರಲಿಲ್ಲ. ನಲ್ಲಿ ಬಹಳ ಹೊತ್ತು ಹರಿಯಿತು.

ಮಗಳು ಸ್ಪ್ಯಾನರನ್ನು ಬೋಲ್ಟಿಗೆ ಹೊಂದಿಸಿ, ಎರಡೇ ಬೆರಳಿನಿಂದ ತಿರುಗಿಸಿದಳು. ಬೋಲ್ಟು ಎದುರು ಒತ್ತಿತು. ಇನ್ನೊಂದು ಕೂದಲೆಳೆಯಷ್ಟು. ಅಲ್ಲಿಗೆ ಕೈ ತೆಗೆದಳು. ಅಜ್ಜಿ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ನೋಡುತ್ತಿದ್ದವಳು ಹಿಂದಕ್ಕೆ ಒರಗಿದಳು.

ಗೋಂದು ಒಣಗಲಿ ಎಂದು ಊಟ ಮುಗಿಸಿ, ಮಧ್ಯಾಹ್ನದ ಮೇಲೆ ಚಾಲೂ ಮಾಡಿದರು. ಐದು ನಿಮಿಷಕ್ಕೇ ತೆಳ್ಳಗೆ ಹೊಗೆ ಎದ್ದಿತು, ಅದೇ ಹಳೆಯ ವಾಸನೆ. ಮಗಳ ಮುಖ ಬಿಳಿಚಿಕೊಂಡಿತು.

"ಕೊಳವೆ ಮೇಲೆ ಮೊದಲೇ ಬಿದ್ದಿದ್ದ ಎಣ್ಣೆ ಸುಡ್ತಿದೆ. ಅದು ಸುಟ್ಟು ತೀರಲಿ," ಎಂದರು ಹಲ್ಲಿನವರು. ಅವರ ದನಿಯಲ್ಲೂ ಅಷ್ಟೊಂದು ಧೈರ್ಯ ಇರಲಿಲ್ಲ. ಇಬ್ಬರೂ ಕಾರಿನ ಪಕ್ಕದಲ್ಲೇ ನಿಂತು ಕಾದರು. ಕಾಲು ಗಂಟೆಗೆ ಹೊಗೆ ತೆಳುವಾಯಿತು, ಅರ್ಧ ಗಂಟೆಗೆ ಇಲ್ಲವಾಯಿತು. ಮಗಳು ಬಿಳಿಯ ಕಾಗದವನ್ನು ಮಡಚಿ ಕವರಿನ ಅಂಚಿನ ಸುತ್ತ ಎಳೆದು ಬೆಳಕಿಗೆ ಹಿಡಿದಳು. ಬಿಳಿಯಾಗಿಯೇ ಇತ್ತು. ಅದನ್ನು ಅಜ್ಜಿಗೂ ತೋರಿಸಿದಳು. ಅಜ್ಜಿ ಮೂಸಿಯೂ ನೋಡಿ ಒಪ್ಪಿದಳು.

ಸೋಮವಾರ ನರ್ಸಮ್ಮ ಕಿಟಕಿ ಮುಚ್ಚಿಕೊಂಡು ಕೆಲಸಕ್ಕೆ ಹೋದಳು. ಬಿಟ್ಟುಹೋಗಿದ್ದ ಮನೆಗಳಿಗೆಲ್ಲ ಆ ವಾರ ಹೋಗಿಬಂದಳು. ಮನೆಯಲ್ಲಿ ಉಪ್ಪಿನ ಡಬ್ಬಿ ಈಗ ನೇರವಾಗಿ ಕೇಳಿಯೇ ಕೈ ಬದಲಾಗುತ್ತಿತ್ತು. ಗಾಜು ಉಜ್ಜುವ ಪುಡಿ ಚೆನ್ನಾಗಿದೆಯೋ, ಹಲ್ಲಿನ ಸೆಟ್ಟು ಉಜ್ಜುವ ಪುಡಿ ಚೆನ್ನಾಗಿದೆಯೋ ಎಂದು ಇಬ್ಬರೂ ಒಂದು ಸಂಜೆಯಿಡೀ ವಾದ ಮಾಡಿ, ಅಜ್ಜಿಯ ಸೆಟ್ಟಿನ ಮೇಲೇ ಪರೀಕ್ಷೆ ಮಾಡಹೊರಟು ಬೈಸಿಕೊಂಡರು.

ಮೂರು ವಾರ ಕಳೆದಿತ್ತು. ಒಂದು ಶನಿವಾರ ಬೆಳಿಗ್ಗೆ ನರ್ಸಮ್ಮ ಕಾರು ಹಿಂದಕ್ಕೆ ತೆಗೆದವಳು ಅರ್ಧದಲ್ಲೇ ನಿಲ್ಲಿಸಿ ಇಳಿದಳು. ತಿಕ್ಕಿ ತೊಳೆದಿದ್ದ ಕಲ್ಲುಹಾಸಿನ ಮೇಲೆ ಒಂದು ಹನಿ. ಒಂದೇ ಒಂದು, ಹೊಸದು, ಹೊಳೆಯುತ್ತಿತ್ತು.

"ಅಯ್ಯೋ, ಮತ್ತೆ ಸೋರ್ತಿದೆ. ಬನ್ನಿ ಇಲ್ಲಿ ಇಬ್ಬರೂ," ಎಂದು ಕರೆದಳು.

ಮಗಳು ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಬಂದಳು. ಹಲ್ಲಿನವರು ಅರ್ಧ ಇಸ್ತ್ರಿಯಾದ ಅಂಗಿ ಹಾಕಿಕೊಂಡು ಬಂದರು. ಮಗಳು ನೆಲದ ಮೇಲೆ ಮಲಗಿ ಕಾರಿನಡಿ ತಲೆ ತೂರಿಸಿ ಟಾರ್ಚು ಬಿಟ್ಟಳು.

"ನಮ್ಮದಲ್ಲ," ಎಂದು ಕೆಳಗಿನಿಂದ ಹೇಳಿದಳು. "ಕವರು ಒಣಗಿದೆ, ಮೇಲೆ ಏನೂ ಇಲ್ಲ. ಇದು ಕೆಳಗಡೆ ಎಣ್ಣೆ ಚೇಂಬರಿಂದ."

"ಅಂಚಿನಿಂದಲೋ, ತಳದ ಬೋಲ್ಟಿಂದಲೋ?" ಹಲ್ಲಿನವರು ಆಗಲೇ ಮಂಡಿಯೂರಿದ್ದರು.

"ಅಂಚಿಂದ. ಅಲ್ಲೂ ಪ್ಯಾಕಿಂಗ್ ಇರತ್ತೆ ಅಲ್ವಾ?"

"ಇರಲೇಬೇಕು. ಎಷ್ಟು ಬೋಲ್ಟು ಕಾಣತ್ತೆ?"

"ಹದಿನಾರು... ಇಲ್ಲ, ಹದಿನೆಂಟು."

"ಹದಿನೆಂಟಾ," ಎಂದರು ಹಲ್ಲಿನವರು, ಯಾರೋ ಊಟಕ್ಕೆ ಕರೆದ ಹಾಗೆ. "ದೊಡ್ಡ ಡಬ್ಬಿ ಬೇಕಾಗತ್ತೆ."

"ನನಗೆ ಕೆಲಸಕ್ಕೆ ಹೊತ್ತಾಯ್ತು," ಎಂದಳು ನರ್ಸಮ್ಮ. "ಇದಕ್ಕೇನು ಗತಿ?"

"ಒಂದು ಹನಿಗೆ ಏನೂ ಆಗಲ್ಲ, ನೀನು ಹೋಗಿ ಬಾ. ನಾಳೆ ಭಾನುವಾರ, ನಾನು ರಜೆ ಹೇಳ್ತೀನಿ," ಎಂದಳು ಮಗಳು. ಕಾರಿನಡಿಯಿಂದ ಹೊರಗೆ ಬಂದು, ಮಂಡಿಯೂರಿದ್ದವರ ಪ್ಯಾಂಟು ನೋಡಿದಳು. "ಹಲ್ಲಿನವ್ರೇ, ಹೋದ ಸಲದ ಹಾಗೆ ಒಳ್ಳೆ ಪ್ಯಾಂಟು ಹಾಕ್ಕೊಂಡು ಬರ್ಬೇಡಿ. ಅಪ್ಪನ ಹಳೇ ಪ್ಯಾಂಟು ಬೀರೂಲಿದೆ. ಉದ್ದ ಆದ್ರೆ ಮಡಚ್ಕೊಳ್ಳಿ."

ಹಲ್ಲಿನವರು ಎದ್ದು ನಿಂತು ಮಂಡಿಯ ಧೂಳು ಕೊಡವಿಕೊಂಡರು. "ಸೊಂಟಕ್ಕೆ ಬಿಗಿಯಾದ್ರೆ?" ಎಂದರು.

"ಬಿಗಿಯಾಗಲ್ಲ," ಎಂದಳು ಅಜ್ಜಿ, ಬಾಗಿಲಿಗೆ ಒರಗಿಕೊಂಡು ಬ್ರೆಡ್ಡಿನ ಗಟ್ಟಿ ಅಂಚನ್ನು ಕಟಕಟ ಕಡಿಯುತ್ತ. "ಅವನೂ ನಿಮ್ಮ ಹಾಗೇ ಇದ್ದ."